ತೂತಿಲ್ಲದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲ ಎಂದು ಹಿರಿಯರು ಹೇಳಿಬಿಟ್ಟಿದ್ದಾರೆ. ಅವರು ಆಡನ್ನು ಸರಿಯಾಗಿ ನೋಡಿರಲಿಲ್ಲ ಎಂದು ಕಾಣುತ್ತದೆ. ಆಡುಸೋಗೆಯನ್ನು ಆಡು ಮೂಸಿ, ಮುಖ ತಿರುಗಿಸಿ, ಮುಂದಕ್ಕೆ ಹೋಗುತ್ತದೆ. ನಮ್ಮ ಅತ್ತೆ ಹೋಗುವುದಿಲ್ಲ! ನಿಂತು, ಬಗ್ಗಿ, ಚಿವುಟಿ, ಕೆಮ್ಮಿಗೆ ಆದೀತೆಂದು ಸೆರಗಿಗೆ ಹಾಕಿಕೊಂಡೇ ಮುಂದಕ್ಕೆ ಹೋಗುತ್ತಾರೆ. ಗಾದೆ ಕಟ್ಟಿದವರು ಆಡಿನ ಬದಲು ನನ್ನ ಹೆಂಡತಿಯ ತಾಯಿಯನ್ನು ಕಂಡಿದ್ದರೆ ಆ ಗಾದೆಯಲ್ಲಿ ಸುಳ್ಳೇ ಇರುತ್ತಿರಲಿಲ್ಲ.

ನೀವು ನಗುತ್ತೀರಿ. ನಗಲು ನಿಮಗೇನು? ಉಣ್ಣುವವನು ನಾನು!

ನನ್ನ ಬಗ್ಗೆ ಎರಡು ಮಾತು. ಹೊಸಪೇಟೆಯ ಬೈಪಾಸಿನ ಬದಿಗೆ ಹಳೆಯ ಟೈರುಗಳ ವ್ಯಾಪಾರ ನನ್ನದು. ಬೇವಿನ ಮರದ ಕೆಳಗೆ ಸೈಕಲ್ ಪಂಕ್ಚರ್ ಹಚ್ಚುತ್ತಿದ್ದವನು, ಇವತ್ತು ಅದಿರಿನ ಟಿಪ್ಪರುಗಳಿಗೆ ಟೈರು ಹಾಕುತ್ತೇನೆ. ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಟೈರಿನ ಆಯುಷ್ಯ ಹೇಳಬಲ್ಲೆ. ಚೌಕಾಸಿಗೆ ಕೂತರೆ ಕಂಪ್ಲಿಯ ಅಕ್ಕಿ ದಲಾಲರೂ ನನ್ನೆದುರು ಬೆವರುತ್ತಾರೆ. ಅಂಥ ನಾನು ಊಟದ ತಟ್ಟೆಯ ಎದುರು ಬೆವರುತ್ತೇನೆ.

ಮದುವೆಯಾಗುವ ಹುಡುಗರಿಗೆ ಒಂದು ಸಲಹೆಯನ್ನು ಪುಕ್ಕಟೆಯಾಗಿ ಕೊಡುತ್ತೇನೆ. ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟು ಹೇಗಿದೆ ಎಂದು ನೋಡಬೇಡಿ. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಕಳೆ ಇದೆಯೇ ಎಂದು ನೋಡಿ. ಒಂದು ಕಡ್ಡಿ ಕಳೆಯೂ ಇಲ್ಲದಿದ್ದರೆ ಯೋಚಿಸಿ. ಯಾರೋ ತಿಂದಿದ್ದಾರೆ!

ನಾನು ನೋಡಲಿಲ್ಲ. ಅತ್ತೆ ದೋಣಿಮಲೈ ಗಣಿಯ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವರು. ಮಾವನವರು ಗಣಿಗೆ ಹೋದರೆ ಇವರು ಗುಡ್ಡಕ್ಕೆ ಹೋಗುತ್ತಿದ್ದರಂತೆ. ಮಾವ ನಿವೃತ್ತರಾಗಿ ಸಂಡೂರಿಗೆ ಬಂದ ಮೇಲೂ ಗುಡ್ಡ ಬಿಡಲಿಲ್ಲ. ಅಲ್ಲಿಯವರೆಗೆ ನನಗೇನೂ ತೊಂದರೆ ಇರಲಿಲ್ಲ. ಸಂಡೂರು ಸಂಡೂರಿನಲ್ಲಿತ್ತು, ನಾನು ಹೊಸಪೇಟೆಯಲ್ಲಿದ್ದೆ. ಆಮೇಲೆ ನನ್ನ ಹೆಂಡತಿ ಬಸುರಿಯಾದಳು. ಮಗಳು ತವರಿಗೆ ಹೋಗುವುದು ಪದ್ಧತಿ. ಆದರೆ ಆಸ್ಪತ್ರೆ ನಮ್ಮ ಮನೆಗೇ ಹತ್ತಿರ. ಹಾಗಾಗಿ ತವರೇ ಒಂದು ಟ್ರಂಕು, ಒಂದು ಕುಡುಗೋಲು ಹಿಡಿದುಕೊಂಡು ನಮ್ಮ ಮನೆಗೆ ಬಂತು.

ಡಾಕ್ಟರು ಹೆಂಡತಿಗೆ ರಕ್ತ ಕಡಿಮೆ ಇದೆ ಎಂದು ಗುಳಿಗೆ ಬರೆದುಕೊಟ್ಟಿದ್ದರು. ಅತ್ತೆ ಗುಳಿಗೆಯ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದನ್ನ ನುಂಗು. ಪಲ್ಯಾನೂ ತಿನ್ನು. ಎರಡೂ ಜಗಳ ಆಡಂಗಿಲ್ಲ," ಎಂದರು ಮಗಳಿಗೆ. ನಮ್ಮ ಕಡೆ ಸೊಪ್ಪಿಗೇ ಪಲ್ಯ ಎನ್ನುತ್ತಾರೆ.

ಅಂದಿನಿಂದ ನನ್ನ ಎದೆಯೊಳಗೆ ಭಯ ಮನೆ ಮಾಡಿತು. ನನ್ನ ಹೊಟ್ಟೆಯ ಭಯವಲ್ಲ. ಅದೂ ಇತ್ತೆನ್ನಿ! ಆದರೆ ಹೆಂಡತಿಯ ತಟ್ಟೆಯಿಂದ ಎರಡು ಜೀವ ಉಣ್ಣುತ್ತಿದ್ದವು. ಒಂದಕ್ಕೆ ಬೇಡ ಎನ್ನುವ ಬಾಯಿಯೂ ಇನ್ನೂ ಬಂದಿರಲಿಲ್ಲ. ಎಲ್ಲೋ ಒಂದು ಎಲೆ ತಪ್ಪಿದರೆ? ಅಡುಗೆಮನೆಯಲ್ಲಿ ಒಗ್ಗರಣೆ ಚುರ್ ಎಂದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದೆ.

ಮೊದಲು ಸಿಕ್ಕಿಬಿದ್ದವನು ನಾನೇ. ಬೇಸಿಗೆ. ಕಾದ ಟೈರುಗಳ ನಡುವೆ ಕೂತು ಉರಿಮೂತ್ರ ಶುರುವಾಯಿತು. ಇಂಥದ್ದನ್ನು ಹೆಂಡತಿಗಲ್ಲದೆ ಇನ್ಯಾರಿಗೆ ಹೇಳುತ್ತಾರೆ? ಸಂಜೆಗೆ ಅಡುಗೆಮನೆಯ ಬಾಗಿಲ ಮರೆಯಿಂದ ಒಂದು ಕೈ, ಕೈಯಲ್ಲೊಂದು ಲೋಟ ಬಂತು. ಅತ್ತೆ ಹಳೆಯ ಶಿಸ್ತಿನವರು. ಅಳಿಯನ ಎದುರು ಕೂರುವುದಿರಲಿ, ನೆಟ್ಟಗೆ ನಿಲ್ಲುವವರೂ ಅಲ್ಲ.

"ಕಷಾಯ ಐತ್ರಿ ಅಳ್ಯಾರ. ಕುಡೀರಿ."

"ಯಾತರದ್ರಿ ಅತ್ತೀ?"

"ನೆಗ್ಗಿನಮುಳ್ಳಿಂದು."

ಲೋಟ ಬಾಯಿಯ ಹತ್ತಿರವೇ ನಿಂತಿತು. ನೆಗ್ಗಿನಮುಳ್ಳು ಗೊತ್ತಲ್ಲ? ನೆಲಕ್ಕಂಟಿ ಹಬ್ಬುವ, ಹಳದಿ ಹೂವು ಬಿಡುವ ಬಳ್ಳಿ. ಅದರ ಕಾಯಿಯ ಮುಳ್ಳು ಯಾವ ಕಡೆ ಬಿದ್ದರೂ ಒಂದು ಮೊನೆ ಆಕಾಶ ನೋಡುತ್ತಿರುತ್ತದೆ. ಪಂಕ್ಚರ್ ಹಚ್ಚುವ ಕಾಲದಲ್ಲಿ ನನಗೆ ಗಿರಾಕಿಗಳನ್ನು ಕಳಿಸುತ್ತಿದ್ದುದೇ ಅದು!

"ಅತ್ತೀ, ಟ್ಯೂಬನ್ನ ತೂತು ಮಾಡೋದು ಕರುಳನ್ನ ಬಿಡ್ತದೇನ್ರಿ?"

"ಟ್ಯೂಬಿನ್ಯಾಗ ಬರೇ ಗಾಳಿ ಇರ್ತದ್ರಿ, ಅದಕ್ಕ ತೂತು ಬೀಳ್ತದ. ನಿಮ್ಮ ಹೊಟ್ಯಾಗೂ ಬರೇ ಗಾಳಿ ಐತೇನು?"

ಒಳಗೆ ನನ್ನ ಹೆಂಡತಿ ಕಿಸಕ್ಕೆಂದಳು. ಕಣ್ಣು ಮುಚ್ಚಿ ಕುಡಿದೆ. ಹೆದರಿಕೆಗೆ ಮೇಲಿಂದ ತಂಬಿಗೆಗಟ್ಟಲೆ ನೀರೂ ಕುಡಿದೆ. ಉರಿ ಇಳಿಯಿತು. ಕಷಾಯದಿಂದಲೋ ನೀರಿನಿಂದಲೋ ದೇವರೇ ಬಲ್ಲ. ಅತ್ತೆ ಮಾತ್ರ ಮೂರು ಓಣಿಗೆ ಹೇಳಿಬಂದರು. ಹೌದು, ನನಗೆ ಉರಿಮೂತ್ರ ಎಂಬುದನ್ನೂ ಸೇರಿಸಿ!

ವ್ಯಾಪಾರಸ್ಥ ಹೆದರಿದರೆ ಏನು ಮಾಡುತ್ತಾನೆ? ಮಾಲಿನ ಗುರುತು ಕಲಿಯುತ್ತಾನೆ. ನಾನೂ ಕಲಿಯಲು ಹೊರಟೆ. ಅತ್ತೆ ಮಗಳಿಗೆ ಹೆಚ್ಚಾಗಿ ಹಾಕುತ್ತಿದ್ದುದು ಗೋಳಿ ಪಲ್ಯ: ದಪ್ಪ ಎಲೆ, ಕೆಂಪು ದಂಟು, ತುಸು ಹುಳಿ. ಬೇಳೆ ಹಾಕಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ರೊಟ್ಟಿಗೆ ಬಹಳ ರುಚಿ. ಹೆದರುತ್ತಲೇ ತಿಂದರೂ ರುಚಿ ರುಚಿಯೇ.

"ಇದನ್ನ ಹೆಂಗ ಗುರ್ತು ಹಿಡೀತೀರಿ ಅತ್ತೀ?"

"ದಂಟು ಮುರೀರಿ. ನೀರು ಬಂದ್ರ ಗೋಳಿ. ಹಾಲು ಬಂದ್ರ ಬಿಸಾಕ್ರಿ. ಅದು ನೋಡಾಕ ಇದರಂಗ ಇರ್ತದ, ಆದ್ರ ಇದಲ್ಲ."

ಹಾಲು ಬಂದರೆ ಬಿಸಾಕು. ಎಷ್ಟು ಚೆಂದದ ನಿಯಮ! ಮನಸ್ಸಿಗೆ ನೆಮ್ಮದಿಯಾಯಿತು. ಆ ನೆಮ್ಮದಿ ಒಂದು ವಾರವೂ ಬಾಳಲಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಈಳಿಗೆಯ ಮೇಲೆ ಕತ್ತರಿಸಿದ ದಂಟಿನಿಂದ ತೊಟತೊಟ ಹಾಲು!

"ಅತ್ತೀ! ಹಾಲು!" ಎಂದು ಚೀರಿದೆ. ಪಕ್ಕದ ಮನೆಯವರು ಉಕ್ಕಿತೆಂದುಕೊಂಡು ತಮ್ಮ ಒಲೆ ಆರಿಸಿದರಂತೆ.

"ಇದು ಹಕ್ಕರಕಿ ಅಲ್ರಿ? ಹಸೀದ ತಿನ್ನಾಕ ಮಸ್ತ್ ಇರ್ತದ."

"ಹಾಲು ಬಂದ್ರ ಬಿಸಾಕು ಅಂದಿದ್ರಲ್ಲ!"

"ಅದು ಬ್ಯಾರೆ ಹಾಲು, ಇದು ಬ್ಯಾರೆ ಹಾಲು."

ಕೇಳಿದಿರಾ? ಬೇರೆ ಹಾಲಂತೆ! ನಾನು ಗಿರಾಕಿಗೆ 'ಇದು ಬೇರೆ ತೂತು' ಎಂದರೆ ಬಿಡುತ್ತಾನೆಯೇ? ಅದೇ ಟೈರಿನಲ್ಲಿ ನನ್ನನ್ನು ಹಾಕಿ ಉರುಳಿಸುತ್ತಾನೆ.

ತೂತಿನ ಮಾತು ಬಂತಲ್ಲ, ನಮ್ಮಿಬ್ಬರ ದೊಡ್ಡ ಜಗಳ ಅದರದ್ದೇ. ನನ್ನ ಇಡೀ ಜೀವನ ಕಳೆದಿರುವುದು ತೂತು ಹುಡುಕುವುದರಲ್ಲಿ. ಕೂದಲೆಳೆಯಷ್ಟು ತೂತಿದ್ದರೂ ಮಾಲು ಪಕ್ಕಕ್ಕೆ. ಅತ್ತೆಯ ಲೆಕ್ಕ ಉಲ್ಟಾ! ಒಂದೊಂದೇ ಎಲೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ. ಹುಳ ಕೊರೆದ ತೂತು ಅಲ್ಲೊಂದು ಇಲ್ಲೊಂದು ಕಂಡರೆ ಆ ಸೊಪ್ಪು ಬುಟ್ಟಿಗೆ. ಮಿರಮಿರ ಮಿಂಚುವ, ಒಂದೂ ತೂತಿಲ್ಲದ ಸೊಪ್ಪು ಅಲ್ಲೇ ಬದುವಿಗೆ.

"ಹುಳಕ್ಕ ಬ್ಯಾಡಾದದ್ದು ನಮಗ್ಯಾಕ ಬೇಕ್ರಿ?"

"ಹುಳದ ಎಂಜಲು ತಿನ್ನಬೇಕೇನ್ರಿ ಹಂಗಾರ?"

"ಎಂಜಲಲ್ರಿ ಅಳ್ಯಾರ. ಅದು ಹುಳದ ಸೈ. 'ನಾ ತಿಂದೀನಿ, ಬದುಕೀನಿ' ಅಂತ ಸೈ ಹಾಕಿ ಹೋಗಿರ್ತದ."

ಈ ಸೈ ಹುಡುಕಿಕೊಂಡು ಅವರು ಅಲೆಯದ ಜಾಗವಿಲ್ಲ, ಮತ್ತು ಅವರನ್ನು ಸ್ಕೂಟರಿನಲ್ಲಿ ಅಲೆದಾಡಿಸುವವನು ನಾನು. (ಅಳಿಯನ ಎದುರು ಕೂರಬಾರದು, ಹಿಂದೆ ಕೂರಬಹುದು, ಅದಕ್ಕೆ ಅಡ್ಡಿ ಇಲ್ಲವಂತೆ!) ಒಮ್ಮೆ ಸಂಡೂರು ರಸ್ತೆಯಲ್ಲಿ ಹೋಗುತ್ತಿದ್ದೇವೆ. ಮುಂದೊಂದು ಅದಿರಿನ ಟಿಪ್ಪರು, ಹಿಂದೊಂದು ಅದಿರಿನ ಟಿಪ್ಪರು. ನಡುವೆ ನಾನು ಮತ್ತು ಅತ್ತೆ. ಇದ್ದಕ್ಕಿದ್ದಂತೆ ಭುಜಕ್ಕೆ ಗುದ್ದು.

"ನಿಲ್ಲಸ್ರಿ! ಗೋಳಿ!"

ಗಕ್ಕನೆ ಬ್ರೇಕು ಹಾಕಿದೆ. ಹಿಂದಿನ ಟಿಪ್ಪರು ಕಿರ್ರೆಂದು ಅರಚಿತು. ಆ ಟಿಪ್ಪರಿಗೆ ಟೈರು ಹಾಕಿಕೊಟ್ಟವನು ನಾನೇ. ಅದರ ಹಿಡಿತ ಎಷ್ಟು ಉಳಿದಿದೆ ಎಂದು ಜಗತ್ತಿನಲ್ಲಿ ನನ್ನೊಬ್ಬನಿಗೆ ಮಾತ್ರ ಗೊತ್ತಿತ್ತು. ಅದಕ್ಕೇ ಹೆಚ್ಚು ಹೆದರಿದೆ! ಅತ್ತೆ ನಿಧಾನವಾಗಿ ಇಳಿದರು, ಎಲೆಯ ಮೇಲೆ ಬೆರಳಾಡಿಸಿದರು, ಬೆರಳಿಗಂಟಿದ ಕೆಂಪು ಧೂಳನ್ನು ನೋಡಿದರು.

"ಬ್ಯಾಡ. ಅದಿರು ಕುಂತೈತಿ. ನಡೀರಿ."

ಅಷ್ಟೇ!

ಹಂಪಿಯದು ಇನ್ನೊಂದು. ಮುರಿದ ಮಂಟಪದ ಹಾಸುಗಲ್ಲಿನ ಸಂದಿಯಲ್ಲಿ ಗೋಳಿ ಚಿಗುರಿತ್ತು. ಅತ್ತೆ ಕುಕ್ಕರಗಾಲಿನಲ್ಲಿ ಕೂತರು. ಕಾವಲುಗಾರ ಸೀಟಿ ಊದುತ್ತ ಓಡಿಬಂದ. ಜೈಲು, ಕೋರ್ಟು, ವಕೀಲ, ಎಲ್ಲವೂ ನನ್ನ ಕಣ್ಣ ಮುಂದೆ ಹಾದುಹೋದವು.

"ಅಮ್ಮಾ, ಇಲ್ಲಿ ಏನೂ ಮುಟ್ಟಂಗಿಲ್ಲ!"

"ಕಲ್ಲು ಸರಕಾರದ್ದಪ್ಪಾ, ನಾ ಮುಟ್ಟಂಗಿಲ್ಲ. ಕಳೆ ಯಾರ್ದು?"

ಕಾವಲುಗಾರ ಉತ್ತರಕ್ಕೆಂದು ಬಾಯಿ ತೆರೆದ. ತೆರೆದ ಬಾಯಿಯೊಳಗೆ ಅತ್ತೆ ಇಣುಕಿದರು.

"ಬಾಯಿ ಹುಣ್ಣಾಗೇತಲ್ಲೋ! ಉಷ್ಣ. ಹಿಡಿ ಇದನ್ನ, ಮಜ್ಜಿಗಿ ಸಾರು ಮಾಡಿಸ್ಕೋ."

ಸರಕಾರದ ಕಳೆಯ ಅರ್ಧ ಪಾಲು ಸರಕಾರದ ಮನುಷ್ಯನ ಜೇಬಿಗೆ ಹೋಯಿತು. ಚೌಕಾಸಿಯಲ್ಲಿ ಸೋಲೊಪ್ಪದ ನಾನು ಅಂದು ಮನಸ್ಸಿನಲ್ಲೇ ಅತ್ತೆಗೆ ಕೈ ಮುಗಿದೆ. ಕಮಲಾಪುರದ ಕಲ್ಲುಗುಡ್ಡದಲ್ಲಿ ಕರಡಿ ಓಡಾಡುತ್ತದೆ ಎಂದು ಎಚ್ಚರಿಸಿದಾಗ "ಇರ್ಲಿ ಬಿಡ್ರಿ, ಅದೇನು ಪಲ್ಯ ತಿಂತದೇನು?" ಎಂದು ಕೇಳಿದವರು ಅವರು. ಪಲ್ಯ ತಿನ್ನುವುದಿಲ್ಲ, ಸರಿ. ಪಲ್ಯ ಕೀಳುವವರನ್ನು?

ಇವೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಒಂದೇ ಒಂದು. ಅತ್ತೆ ಪಲ್ಯ ಮಾಡುತ್ತಿದ್ದುದು ಬೆಳಿಗ್ಗೆ, ಬಡಿಸುತ್ತಿದ್ದುದು ಸಂಜೆ ದೀಪ ಹಚ್ಚಿದ ಮೇಲೆ! ಮಾಡಿದ ಕೂಡಲೇ ತಾವು ಮಾತ್ರ ಒಲೆಯ ಪಕ್ಕ ನಿಂತು, ಒಂದು ರೊಟ್ಟಿಗೆ ಹಚ್ಚಿಕೊಂಡು ತಿಂದುಬಿಡುತ್ತಿದ್ದರು. ಎಲ್ಲರಿಗಿಂತ ಮೊದಲು! ನಮ್ಮ ಕಡೆ ಮನೆಯ ಹೆಂಗಸರು ಕೊನೆಗೆ ಉಣ್ಣುವವರು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದಲೇ ಚುಚ್ಚಿದಳು: "ನಿಮ್ಮತ್ತಿಗೆ ಭಾಳ ಹಸಿವಿ ಅನಸ್ತದಲ್ರೀ ಅಣ್ಣಾ?"

"ಬಿಸಿ ಇದ್ದಾಗ ಬಡಸ್ರಿ ಅತ್ತೀ. ತಾಜಾ ಮಾಲಿಗೇ ಬೆಲೆ," ಎಂದೆ ನಾನು.

"ಪಲ್ಯಕ್ಕ ಒಂದು ನಿದ್ದಿ ಆಗಬೇಕ್ರಿ ಅಳ್ಯಾರ. ಮಲಗಿ ಎದ್ರ ರುಚಿ ಬರ್ತದ. ಸಂಜಿಗೆ ಬಿಸಿ ಮಾಡಿ ಹಾಕ್ತೀನಿ."

ಪಲ್ಯ ಮಲಗುತ್ತದೆಯೇ? ನಮ್ಮ ಹೊಸಪೇಟೆಯ ಸೆಕೆಯಲ್ಲಿ ಮನುಷ್ಯನಿಗೇ ಹಗಲು ನಿದ್ದೆ ಬರುವುದಿಲ್ಲ! ಸಂಡೂರಿಗೆ ಫೋನು ಮಾಡಿ ಮಾವನವರಿಗೆ ದೂರು ಕೊಟ್ಟೆ. ಅವರು "ನಮ್ಮನ್ಯಾಗೂ ಹಂಗ ಇತ್ರಿ. ನಾ ಕೇಳಲಿಲ್ಲ. ನೀವೂ ಕೇಳಬ್ಯಾಡ್ರಿ," ಎಂದು ಇಟ್ಟುಬಿಟ್ಟರು.

ಮಳೆಗಾಲ ಬಂತು. ಹೆಂಡತಿಗೆ ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಒಂದು ದಿನ ಅತ್ತೆ ಕಾಲುವೆಯ ದಂಡೆಯ ಮೇಲೆ ಜಾರಿ ಮೊಣಕಾಲು ತರಚಿಕೊಂಡು ಬಂದರು. ಇನ್ನು ಸಾಕು ಎನಿಸಿತು. "ನೀವು ಮನ್ಯಾಗ ಕುಂದ್ರಿ. ಮಾಲು ನಾ ತರ್ತೀನಿ," ಎಂದು ಘೋಷಿಸಿದೆ.

ಕಡ್ಡಿರಾಂಪುರದಲ್ಲಿ ನನ್ನ ಟ್ರ್ಯಾಕ್ಟರ್ ಗಿರಾಕಿಯೊಬ್ಬನ ಬಾಳೆ ತೋಟವಿದೆ. ಫೋನಿನಲ್ಲೇ ವ್ಯವಹಾರ ಕುದುರಿಸಿದೆ: ಅವನ ಬದುವಿನ ಕಳೆ ನಾನು ತೆಗೆದುಕೊಡುವುದು, ಕೂಲಿಯ ಬದಲು ಅವನು ಒಂದು ಗೊನೆ ಏಲಕ್ಕಿ ಬಾಳೆ ಕೊಡುವುದು! ಕಳೆಯೂ ನನಗೆ, ಗೊನೆಯೂ ನನಗೆ. ಇಂಥ ವ್ಯಾಪಾರವನ್ನು ಯಾರಾದರೂ ಮಾಡಿದ್ದಾರೆಯೇ? ಮಧ್ಯಾಹ್ನವೆಲ್ಲ ಬಿಸಿಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ದಂಟು ಮುರಿದು ನೋಡಿದೆ, ನೀರೇ ಬಂತು. ಒಂದೊಂದು ಎಲೆಯನ್ನೂ ನನ್ನ ಟೈರಿನ ಕಣ್ಣಿನಿಂದ ಪರೀಕ್ಷಿಸಿ, ಪರಿಶುದ್ಧವಾದ ಮಾಲನ್ನೇ ಆರಿಸಿ ಚೀಲ ತುಂಬಿದೆ.

ಸಂಜೆ ಅತ್ತೆ ಚೀಲ ಬಿಚ್ಚಿದರು. ಒಂದು ಎಲೆಯನ್ನು ಬೆಳಕಿಗೆ ಹಿಡಿದರು. ಇನ್ನೊಂದನ್ನು ಹಿಡಿದರು.

"ನೋಡ್ರಿ ಅತ್ತೀ, ಒಂದ ಒಂದು ತೂತಿಲ್ಲ!" ಎಂದೆ ಹೆಮ್ಮೆಯಿಂದ.

ಎಂದೂ ತಲೆಯೆತ್ತಿ ನೋಡದವರು ಅಂದು ನನ್ನ ಬಿಸಿಲಿಗೆ ಸುಟ್ಟ ಮುಖವನ್ನು ಒಂದು ಕ್ಷಣ ನೋಡಿದರು.

"ಹೌದ್ರಿ. ಒಂದೂ ತೂತಿಲ್ಲ. ಭಾಳ ಚಂದ ಅದಾವ," ಎಂದು ಒಳಗೆ ಒಯ್ದರು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಅಡುಗೆಮನೆಯ ಬಾಗಿಲಿಗೆ ಹೇಳಿದೆ: "ಇವತ್ತು ನಂದು ಮಾಲು. ಮಧ್ಯಾಹ್ನಕ್ಕೇ ನಿಮ್ಮ ಮಗಳಿಗೆ ಬಿಸಿಬಿಸಿ ಬಡಸ್ರಿ. ನಿದ್ದಿ ಗಿದ್ದಿ ಏನೂ ಬ್ಯಾಡ."

ಬಾಗಿಲು ಹೇಳಿತು: "ನೋಡೋಣ್ರಿ."

ಊಟದ ಹೊತ್ತಿಗೆ ಅಂಗಡಿಯಲ್ಲಿ ಫೋನು ಬಂತು. ತೋಟದವನು.

"ಅಣ್ಣಾ, ಆ ಕಳೆ ದನಕ್ಕ ಹಾಕೀರೇನ್ರಿ? ಹಾಕಬ್ಯಾಡ್ರಿ. ಆ ಬದುವಿಗೆ ಮೊನ್ನಿ ಹುಳ ಸಾಯೋ ಎಣ್ಣಿ ಹೊಡದಾರಂತ. ನಮ್ಮ ಆಳು ಈಗ ಹೇಳಿದ."

ಆಗ ಗೊತ್ತಾಯಿತು ತೂತು ಯಾಕಿರಲಿಲ್ಲ ಎಂದು. ಆ ಎಲೆಯ ಮೇಲೆ ಸೈ ಹಾಕಲು ಹುಳವೇ ಉಳಿದಿರಲಿಲ್ಲ.

ಮನೆಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಲಿಲ್ಲ. ಸ್ಕೂಟರು ಹೇಗೆ ಓಡಿತೋ ನನಗೆ ನೆನಪಿಲ್ಲ. ಬಿಸಿಬಿಸಿ ಬಡಸ್ರಿ, ಬಿಸಿಬಿಸಿ ಬಡಸ್ರಿ ಎಂಬ ನನ್ನದೇ ದನಿ ಹೆಲ್ಮೆಟ್ಟಿನೊಳಗೆ ಸುತ್ತುತ್ತಿತ್ತು. ಇಷ್ಟು ದಿನ ಹೆದರಿದ್ದೆಲ್ಲ ಹುಡುಗಾಟ. ಭಯ ಎಂದರೆ ಏನೆಂದು ನಮ್ಮ ಮನೆಯ ಗೇಟು ಕಂಡಾಗ ತಿಳಿಯಿತು. ಸ್ಕೂಟರನ್ನು ಅಲ್ಲೇ ಬಿಟ್ಟು ಒಳಗೆ ಓಡಿದೆ.

ಹೆಂಡತಿ ಪಡಸಾಲೆಯಲ್ಲಿ ಕೂತು ಮೊಸರು ರೊಟ್ಟಿ ತಿನ್ನುತ್ತಿದ್ದಳು.

"ಪಲ್ಯ ತಿಂದ್ಯಾ?"

"ಎಲ್ಲೀದ್ರೀ! ಕೇಳಿ ಕೇಳಿ ಸಾಕಾತು. ಪಲ್ಯ ಇನ್ನಾ ಮಲಗೇತಂತ. ಅವ್ವ ಬಡಿಸಲೇ ಇಲ್ಲ."

ಹೆಲ್ಮೆಟ್ಟು ತೆಗೆದು ಅಲ್ಲೇ ಅವಳ ಪಕ್ಕ ನೆಲದ ಮೇಲೆ ಕೂತೆ. ಆ ಮಲಗಿದ ಪಲ್ಯವನ್ನು ಎಬ್ಬಿಸಲು ನಾನು ಎಷ್ಟು ದಿನಗಳಿಂದ ವಾದ ಮಾಡಿದ್ದೆ!

"ಅತ್ತಿ ಎಲ್ಲಿ?"

"ಹಿತ್ತಲದಾಗ ಅದಾಳ. ಪಿತ್ತ ಆಗೇತಂತ, ವಾಂತಿ ಮಾಡ್ಕೊಳಾಕ ಹತ್ಯಾಳ."

ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗೋಡೆಗೆ ಹಣೆ ಹಚ್ಚಿ ಕೂತಿದ್ದರು. ಮುಖ ಬೂದಿಯಾಗಿತ್ತು. ಪಕ್ಕದಲ್ಲಿ ಹೊಸದಾಗಿ ಅಗೆದು ಮುಚ್ಚಿದ ಮಣ್ಣು, ಅದರ ಮೇಲೊಂದು ಕಲ್ಲು. ನಾಯಿ, ಆಡು ಕೆದರಿ ತಿಂದಾವೆಂದು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡರು.

"ಪಲ್ಯ ಕೈಜಾರಿ ಚೆಲ್ತ್ರಿ ಅಳ್ಯಾರ. ನೀವು ಅಷ್ಟು ಕಷ್ಟಪಟ್ಟು ತಂದಿದ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಆಸ್ಪತ್ರೆಯಲ್ಲಿ ಡಾಕ್ಟರು ಏನು ತಿಂದಿರಿ ಎಂದು ಕೇಳಿದರೆ, "ಏನಿಲ್ರಿ, ಬಸ್ಸಿನ ಡೀಸೆಲ್ ವಾಸನಿ," ಎಂದರು. ಅಂದು ಅವರು ಬಸ್ಸನ್ನು ಹತ್ತಿಯೇ ಇರಲಿಲ್ಲ! ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ತೋಟದವನಿಗೆ ಫೋನು ಮಾಡಿ ಎಣ್ಣೆಯ ಹೆಸರನ್ನೂ ಕೇಳಿ ಹೇಳಿದೆ. (ಇದನ್ನು ಸಲಹೆ ಎಂದೇ ತಿಳಿಯಿರಿ: ಇಂಥ ಹೊತ್ತಿನಲ್ಲಿ ಮಾನ ಮುಚ್ಚಿಕೊಳ್ಳಲು ಹೋಗಬೇಡಿ. ಡಾಕ್ಟರಿಗೆ ಎಲ್ಲವನ್ನೂ ಹೇಳಿ.) ಸಲೈನು ಹಚ್ಚಿದರು. ತಿಂದದ್ದು ಕಡಿಮೆ, ಬೇಗ ಬಂದಿರಿ ಎಂದರು. ಅತ್ತೆಯ ಕಣ್ಣು ಸ್ವಲ್ಪ ತಿಳಿಯಾದ ಮೇಲೆ ಕೇಳಿದೆ.

"ತೂತಿಲ್ಲ ಅಂತ ಗೊತ್ತಿತ್ತಲ್ರಿ. ಯಾಕ ತಿಂದ್ರಿ?"

"ಬಿಸಲಾಗ ಕುಂತು ಒಂದೊಂದ ಎಲಿ ಆರಿಸಿದ್ರಿ. ನೋಡದ ಚೆಲ್ಲಾಕ ಮನಸ ಬರ್ಲಿಲ್ರಿ."

"ಏನರ ಆಗಿದ್ರ?"

"ಅದಕ್ಕ ಅಲ್ರಿ ನಾ ಮೊದಲ ತಿನ್ನೋದು? ಸಂಜಿತನಕ ನನಗೇನೂ ಆಗ್ಲಿಲ್ಲ ಅಂದ್ರ ನಿಮಗೂ ಏನೂ ಆಗಂಗಿಲ್ಲ."

ದೋಣಿಮಲೈಯ ಗುಡ್ಡದ ಕಾಲದಿಂದ ಹೀಗೇ. ಮಾವನವರು ಫೋನಿನಲ್ಲಿ 'ಕೇಳಬ್ಯಾಡ್ರಿ' ಎಂದದ್ದು ಏಕೆಂದು ತಿಳಿಯಿತು.

ಮರುದಿನ ಅತ್ತೆ ಮನೆಗೆ ಬಂದರು. ನಾನು ಅಂಗಡಿಯಿಂದ ಸವೆದ ಟೈರುಗಳನ್ನು ಉರುಳಿಸಿ ತಂದು, ಹಿತ್ತಲಿನಲ್ಲಿ ಇಟ್ಟು, ಮಣ್ಣು ತುಂಬಿ ಗೋಳಿ ಹಚ್ಚಿದೆ. ಕಳೆಗೆ ನೀರು ಹಾಕಿ ಬೆಳೆಸುವ ಮನುಷ್ಯನನ್ನು ನೋಡಲು ಓಣಿಯೇ ಕಾಂಪೌಂಡಿನ ಮೇಲೆ ಇಣುಕಿತು.

"ಸಾಕಿದ್ದು ಕಳೆ ಹೆಂಗ ಆಗ್ತದ್ರಿ ಅಳ್ಯಾರ?" ಎಂದು ಅತ್ತೆ ಬಾಗಿಲ ಮರೆಯಿಂದ ನಕ್ಕರು. ಆದರೆ ದಿನವೂ ಬೆಳಿಗ್ಗೆ ಎಲೆಗಳನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದವನು ನಾನು. ಕೊನೆಗೊಂದು ದಿನ ಕಂಡಿತು, ಸಾಸಿವೆಯಷ್ಟು! "ತೂತು ಬಿತ್ತು! ಅತ್ತೀ, ತೂತು ಬಿತ್ತು!" ಎಂದು ಮನೆಯೆಲ್ಲ ಕೂಗಿಕೊಂಡು ಓಡಾಡಿದೆ. ಹಳೆಯ ಪಂಕ್ಚರಿನವನು ತೂತು ಕಂಡು ಕುಣಿದದ್ದು ಅಂದೇ ಮೊದಲು.

ಅತ್ತೆ ಪಲ್ಯ ಮಾಡಿದರು. ಎಂದಿನಂತೆ ಒಲೆಯ ಪಕ್ಕ ನಿಂತು ರೊಟ್ಟಿ ಮುರಿದರು. ನಾನು ಅಡುಗೆಮನೆಯೊಳಗೆ ಹೋಗಿ ಕೈ ಒಡ್ಡಿದೆ.

"ಬ್ಯಾಡ್ರಿ. ಮನ್ಯಾಗ ಒಬ್ರ ಸಾಕು," ಎಂದರು.

"ಹಂಗಾರ ಆ ಒಬ್ರು ಇವತ್ತು ನಾನ."

ಜೀವನದಲ್ಲಿ ನನ್ನ ಜೊತೆ ಚೌಕಾಸಿಗೆ ಇಳಿದವರೆಲ್ಲ ಸೋತಿದ್ದಾರೆ. ಅತ್ತೆ ಬಹಳ ಹೊತ್ತು ತಡೆದರು, ಕೊನೆಗೆ ತುತ್ತನ್ನು ನನ್ನ ಕೈಗಿಟ್ಟರು. ತಿಂದೆ.

ಅಂದು ಅಂಗಡಿಗೆ ಹೋಗಲಿಲ್ಲ. ಪಡಸಾಲೆಯ ಗೋಡೆಗೆ ಒರಗಿ ಕೂತೆ. ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ಹಳೆಯ ಶಿಸ್ತನ್ನೆಲ್ಲ ಬಾಗಿಲ ಮರೆಯಲ್ಲೇ ಬಿಟ್ಟು, ನನ್ನ ಎದುರಿಗೇ ನೆಲದ ಮೇಲೆ ಕೂತರು. ನೆಟ್ಟ ಕಣ್ಣು ತೆಗೆಯದೆ ನನ್ನ ಮುಖವನ್ನೇ ನೋಡುತ್ತ ಕೂತರು. ಮಧ್ಯಾಹ್ನವಾಯಿತು. ಬಿಸಿಲು ಹೊಸ್ತಿಲು ದಾಟಿತು. ಒಳಕೋಣೆಯಲ್ಲಿ ನನ್ನ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿದ್ದೆ ಹೋಗಿದ್ದಳು. ಒಲೆಯ ಪಕ್ಕದಲ್ಲಿ, ಮುಚ್ಚಿದ ತಟ್ಟೆಯ ಕೆಳಗೆ, ಪಲ್ಯವೂ ಮಲಗಿತ್ತು.

ದೀಪ ಹಚ್ಚುವ ಹೊತ್ತಿನವರೆಗೆ ನಾವಿಬ್ಬರೇ ಎಚ್ಚರವಿದ್ದೆವು.